ಪಂಚಮಿ ಮರೆತ ವರ್ಷ

ನಮ್ಮ ಕಡೆ ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳು ಏನು ಮರೆತರೂ ಪಂಚಮಿಯನ್ನು ಮರೆಯುವುದಿಲ್ಲ. ಶ್ರಾವಣ ಬಂತೆಂದರೆ ಸಾಕು, ತವರಿನಿಂದ ಕರೆಯಲು ಯಾರು ಬರುತ್ತಾರೋ ಎಂದು ಬಾಗಿಲಿನಲ್ಲೇ ಜೀವ ಇರುತ್ತದೆ. ಮುಂಡರಗಿಯ ಗಂಡನ ಮನೆಯಲ್ಲಿ ನಾನೂ ಪ್ರತಿ ವರ್ಷ ಹಾಗೇ ಕಾದವಳು. ಆ ವರ್ಷ ಹರ್ತಿಯಿಂದ ಅಣ್ಣ ಬಂದು ಹೊಸ್ತಿಲಲ್ಲಿ ನಿಂತಾಗ ಮಾತ್ರ ಗಾಬರಿಯಿಂದ ಕೇಳಿದೆ: "ಯಾಕ ಬಂದಿ ಅಣ್ಣಾ? ಯಾರರ ತೀರಕೊಂಡ್ರೇನ?"

ಅಣ್ಣನ ಮುಖ ಸಪ್ಪಗಾಯಿತು. "ಯಾರಿಗೂ ಏನೂ ಆಗಿಲ್ಲ ತಂಗಿ. ನಾಳೆ ರೊಟ್ಟಿ ಪಂಚಮಿ ಐತಿ, ಹಬ್ಬ ಸುರು. ಕರಿಯಾಕ ಬಂದೀನಿ."

ಆಗ ನನ್ನ ತಲೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಹಾಲು ಕಾಯಲಿಟ್ಟು ಅದರ ಮುಂದೆಯೇ ನಿಂತಿರುತ್ತಿದ್ದೆ, ಉಕ್ಕಿ ಚೆಲ್ಲಿದ್ದು ಸೀದ ವಾಸನೆ ಬಂದ ಮೇಲೆ ತಿಳಿಯುತ್ತಿತ್ತು. ಸಂತೆಯಲ್ಲಿ ಬದನೆಕಾಯಿಯೋ ಹೀರೇಕಾಯಿಯೋ ಎಂದು ತೀರ್ಮಾನಿಸಲಾರದೆ ಖಾಲಿ ಚೀಲ ಹಿಡಿದು ಮರಳಿದ್ದೂ ಉಂಟು. ಎದುರಿನವರ ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಒಳಗಿಳಿಯುತ್ತಿರಲಿಲ್ಲ. ಗದಗಿನ ಡಾಕ್ಟರು ಇದು ಖಿನ್ನತೆ, ಮನಸ್ಸು ಸೋತಾಗ ನೆನಪೂ ಗಮನವೂ ಕೈಕೊಡುತ್ತವೆ ಎಂದು ಗುಳಿಗೆ ಬರೆದುಕೊಟ್ಟಿದ್ದರು. ಜ್ವರವಾದರೆ ಮಂದಿ ಹಣೆ ಮುಟ್ಟಿ ನೋಡಿ ನಂಬುತ್ತಾರೆ. ಇದನ್ನು ಎಲ್ಲಿ ಮುಟ್ಟಿ ನೋಡಬೇಕು? ಅತ್ತೆಯ ಪ್ರಕಾರ ನನಗೆ ಮೈಗಳ್ಳತನ, ಓಣಿಯವರ ಪ್ರಕಾರ ಸೊಕ್ಕು. ಅವರ ಮಾತಿಗೆ ನಾನು ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಮಗಳು ತವರನ್ನೇ ಮರೆತಳು ಎಂದು ಅವ್ವ ತಿಳಿದುಕೊಂಡರೆ? ಅದನ್ನು ತಾಳುವ ಶಕ್ತಿ ನನಗಿರಲಿಲ್ಲ. ಬಸ್ಸಿನಲ್ಲಿ ಅಣ್ಣನ ಕೈ ಹಿಡಿದು, "ನಾ ಕೇಳಿದ್ದು ಅವ್ವಗ ಹೇಳಬ್ಯಾಡ" ಎಂದು ಬೇಡಿಕೊಂಡೆ. ಅವನು ಕಿಟಕಿಯ ಕಡೆ ನೋಡುತ್ತ ತಲೆಯಾಡಿಸಿದ.

ಹರ್ತಿಯಲ್ಲಿ ಒಂದು ದಿನ ಹೇಗೋ ನಗುತ್ತ ನಿಭಾಯಿಸಿದೆ. ಮರುದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಜೋಕಾಲಿಯ ಹಾಡು ಎತ್ತುವವಳು ಮೊದಲಿನಿಂದಲೂ ನಾನೇ. ಎಲ್ಲರೂ ಕಾದರು. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಮತ್ತೆ ಮೊದಲ ಸಾಲನ್ನೇ ಹೇಳಿದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಅವ್ವ ನಗಲಿಲ್ಲ, "ಬಾ ಒಳಗ" ಎಂದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು.

ತಾಟಿನಲ್ಲಿ ಶೇಂಗಾ, ಎಳ್ಳು, ರವೆ, ಬೇಸನ್ನಿನ ಉಂಡಿಗಳನ್ನಿಟ್ಟು, "ನಿನಗ ಸೇರೂದು ತಗೋ" ಎಂದಳು. ನಾನು ತಾಟನ್ನೇ ನೋಡುತ್ತ ಕುಳಿತೆ. ನನಗೆ ಯಾವುದು ಸೇರುತ್ತಿತ್ತು? ಎಷ್ಟು ಹುಡುಕಿದರೂ ತಲೆಯಲ್ಲಿ ಸಿಗಲಿಲ್ಲ. ಇನ್ನು ಮುಚ್ಚಿಡುವುದು ಆಗಲಿಲ್ಲ.

"ಅವ್ವಾ, ನಾ ಪಂಚಮೀನ ಮರತಿದ್ದೆ."

ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವ್ವ ಎಳ್ಳುಂಡಿಯನ್ನು ಮುರಿದು ನನ್ನ ಬಾಯಿಗಿಟ್ಟಳು. "ಸಣ್ಣಾಕಿದ್ದಾಗ ಇದಕ್ಕ ಅಣ್ಣನ ಕೂಡ ಜಗಳಾ ತಗೀತಿದ್ದಿ. ನೀ ಮರತರ ಮರಿ, ನನಗ ನೆನಪೈತಿ. ಈಗ ನೆನಪಾತಿಲ್ಲೋ?"

ನಿಧಾನವಾಗಿ ಅಗಿದೆ. ನೆನಪೂ ಬರಲಿಲ್ಲ, ರುಚಿಯೂ ಹತ್ತಲಿಲ್ಲ.

"ಹೂಂ, ನೆನಪಾತು" ಎಂದೆ. ಅವ್ವ ನಂಬಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಚೂರು ಮುರಿದಳು.