ಐದನೆಯ ಮೈಲಿಗೆ ನಿಲ್ಲುತ್ತಿದ್ದ ಕಾರು

ನಿನ್ನೆ ಸಂಜೆ ಮೊಮ್ಮಗಳು ಬಸ್ ಡಿಪೋದ ವರ್ಕ್‌ಶಾಪಿನಿಂದ ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು. ಮೆಕ್ಯಾನಿಕ್ ಆಗಿ ಅವಳಿಗೆ ಅದು ಮೊದಲ ದಿನ. ಗ್ರೀಸು ಹೋಗಲೆಂದು ಪೆಟ್ರೋಲಿನಲ್ಲಿ ಕೈ ತೊಳೆದಿದ್ದಳಂತೆ, ಆ ವಾಸನೆ ನನ್ನ ಕೈಗೂ ಹತ್ತಿತು. ಊಟಕ್ಕೆ ಕುಳಿತಾಗಲೂ ನಾನು ಎಡಗೈ ಮೂಗಿನ ಹತ್ತಿರ ತರುವುದನ್ನು ನೋಡಿ ಸೊಸೆ, "ಮಾವಾರ, ಮೊದಲ ಉಣ್ರಿ, ಕೈ ಆಮ್ಯಾಲ ಮೂಸೀರಂತ" ಎಂದು ನಕ್ಕಳು. ನಗಲಿ ಬಿಡಿ. ನಮ್ಮ ಮನೆತನದಲ್ಲಿ ಸರಕಾರಿ ಪಗಾರ ತರುವ ಮೊದಲನೆಯವಳು ಮೊಮ್ಮಗಳು, ಅದೂ ಇಂಜಿನ್ ಬಿಚ್ಚುವ ಕೆಲಸಕ್ಕೆ. ನನಗೆ ಮೈತುಂಬ ಸಂತೋಷ. ಆದರೆ ಆ ವಾಸನೆ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. ನಾಲ್ಕನೆಯ ಇಯತ್ತೆ ದಾಟದವನು ನಾನು, ಬರೆಯುವುದು ರೂಢಿಯಿಲ್ಲ. ಆದರೂ ಬರೆಯಲು ಕೂತಿದ್ದೇನೆ. ಕಣ್ಣೆದುರು ಮಿಸ್ತ್ರಿ ಕಾಕಾ ನಿಂತಿದ್ದಾರೆ…

ಸಂಸ್ಥಾನಗಳು ಹೋಗಿ ಕೆಲವು ವರ್ಷವಾಗಿತ್ತು. ನಮ್ಮ ಜತ್ತದ ಪೇಟೆಯಲ್ಲಿ ಅರಿವೆಯ ಅಂಗಡಿ ಇಟ್ಟಿದ್ದ ಸಾವುಕಾರರೊಬ್ಬರು, ದೂರದ ಯಾರೋ ಸಂಸ್ಥಾನಿಕರು ಮಾರಿದ ಹಳೆಯ ವಿಲಾಯತಿ ಕಾರು ಕೊಂಡು ತಂದಿದ್ದರು. ಒಳಗೆ ಚರ್ಮದ ಗಾದಿ, ಬಾಗಿಲಿಗೆ ಬೆಳ್ಳಿಯಂತೆ ಹೊಳೆಯುವ ಹಿಡಿಕೆ, ಮುಂದೆ ಎಮ್ಮೆಯ ಕಣ್ಣಿನಂಥ ದೀಪ. ಸನಮಡಿ ಹಳ್ಳಿಯಿಂದ ಬಂದ ನಾನು ಅದರ ಡ್ರೈವರ್. ವಯಸ್ಸು ಇಪ್ಪತ್ತೆರಡು, ಹೊಸದಾಗಿ ಮದುವೆಯಾಗಿತ್ತು. ಮುಂಜಾನೆ ಜಳಕ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಒದ್ದೆ ಬೆರಳಿನಿಂದ ಕಾರಿನ ಪೆಟ್ರೋಲ್ ಟಾಕಿಯ ಮುಚ್ಚಳಕ್ಕೂ ಮೂರು ಗೆರೆ ಎಳೆಯುತ್ತಿದ್ದೆ. ಅದು ಗಾಡಿಯ ಬಾಯಿ, ಅನ್ನ ಹೋಗುವ ಜಾಗ, ಅದಕ್ಕೆ ಕೈಮುಗಿಯದೆ ಇನ್ನೆಲ್ಲಿಗೆ ಮುಗಿಯಬೇಕು ಎಂದು ನನ್ನ ತಿಳುವಳಿಕೆ.

ಒಂದು ವರ್ಷ ಕಾರು ಹೂವಿನಂತೆ ಓಡಿತು. ಆಮೇಲೆ ಶುರುವಾಯಿತು ಅದರ ರೋಗ. ಊರೊಳಗೆ ಚೆನ್ನಾಗಿ ಓಡುವುದು. ಊರು ಬಿಟ್ಟು ನಾಲ್ಕೈದು ಮೈಲಿ ಹೋದೊಡನೆ ಜಗ್ಗುವುದು ಕಡಿಮೆಯಾಗಿ, ಏರಿನಲ್ಲಿ ಕೆಮ್ಮಿ, ಸತ್ತಂತೆ ನಿಂತುಬಿಡುವುದು. ನಾನು ಜಿಗಿದಿಳಿದು ಬಾನೆಟ್ ಎತ್ತುತ್ತಿದ್ದೆ. ಪ್ಲಗ್ ಬಿಚ್ಚಿ ಒರೆಸುವುದು, ಪೈಪು ಊದುವುದು, ಕಾದ ಪಂಪಿಗೆ ಒದ್ದೆ ಅರಿವೆ ಸುತ್ತುವುದು, ಟಾಕಿಯಲ್ಲಿ ಕೋಲು ಅದ್ದಿ ಪೆಟ್ರೋಲ್ ಎಷ್ಟಿದೆ ನೋಡುವುದು. ಇಷ್ಟೆಲ್ಲ ಮಾಡಿ ಕಾರಿನ ಮೂತಿಗೆ ಹ್ಯಾಂಡಲ್ ತುರುಕಿ ತಿರುವಿದರೆ ಚಾಲೂ ಆಗುತ್ತಿತ್ತು. ಮತ್ತೆ ಐದು ಮೈಲಿ, ಮತ್ತೆ ಅದೇ ಹಾಡು. ಒಂದು ದಿನ ಪ್ಲಗ್ಗಿನ ತಪ್ಪು ಅನ್ನಿಸುವುದು, ಮರುದಿನ ಪೈಪಿನದು. ಕಿವಿ ಸದಾ ಇಂಜಿನ್ ಮೇಲೆ. ಮನೆಯಲ್ಲಿ ಹೆಂಡತಿ ಒಲೆ ಊದಿದರೂ ಎದೆ ಧಸಕ್ಕೆನ್ನುತ್ತಿತ್ತು.

ರೋಗ ಹೆಚ್ಚಿದಷ್ಟೂ ನಾನು ಮುಚ್ಚಳಕ್ಕೆ ವಿಭೂತಿ ಹೆಚ್ಚು ಹಚ್ಚಿದೆ. ಮೂರು ಗೆರೆ ಹೋಗಿ ಅಂಗೈ ತುಂಬ ಆಯಿತು…

ಸಾವುಕಾರರು ಒಂದು ಬುಧವಾರ ಅಂಗಡಿಯ ಕಟ್ಟೆಗೆ ಕರೆದರು. "ಪೆಟ್ರೋಲ್ ಮಾರಕೊಂಡು ಅದರಾಗ ಚಿಮಣಿ ಎಣ್ಣಿ ಕಲಸತಿ ಅಂತ ಪ್ಯಾಟ್ಯಾಗ ಮಂದಿ ಆಡಕೋತಾರ" ಎಂದರು. "ಹೌದೋ ಅಲ್ಲೋ ನಾ ಕೇಳೂದಿಲ್ಲ. ಐತ್ವಾರ ಬೀಗರು ಸ್ಟೇಶನ್ನಿಗೆ ಬರತಾರ. ಅವರು ಕುಂತಾಗ ಗಾಡಿ ನಿಂತ್ರ, ನೀ ಅಲ್ಲೇ ಇಳದು ಸನಮಡಿ ಹಾದಿ ಹಿಡಿ."

ಕೆಲಸ ಹೋದರೆ ಹೋಗಲಿ, ಕಳ್ಳ ಎಂಬ ಹೆಸರು ಹೊತ್ತು ಊರಿಗೆ ಹೇಗೆ ಹೋಗಲಿ? ನೇರ ಮಿಸ್ತ್ರಿ ಕಾಕಾನ ತಗಡಿನ ಶೆಡ್ಡಿಗೆ ಓಡಿದೆ. ಬಾವಿಯ ಇಂಜಿನ್, ಹಿಟ್ಟಿನ ಗಿರಣಿ, ಹೊಲಿಗೆ ಮಶಿನ್ ರಿಪೇರಿ ಮಾಡುವ ಮನುಷ್ಯ. ತಲೆಗೆ ನಮಾಜಿನ ಟೊಪ್ಪಿಗೆ, ಬಿಳಿಗಡ್ಡ, ಎಣ್ಣೆಯ ಕಲೆಯ ಅಂಗಿ, ಕಾಲರಿನ ಕೆಳಗೆ ಚುಚ್ಚಿಕೊಂಡ ಎರಡು ಮಶಿನ್ ಸೂಜಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್‌ಗೆ ಒತ್ತಿ, ಹಿಡಿಕೆ ಕಿವಿಗೆ ಹಚ್ಚಿ ಕೇಳುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ ಸಿಡುಕುತ್ತಿದ್ದರು. ಕಾರಿಗೂ ಹಾಗೇ ಹಚ್ಚಿ ಕೇಳಿ, "ಎದಿ ಚಲೋ ಅದ. ಹೊಟ್ಟಿ ನೋಡಬೇಕು. ಶನಿವಾರ ಹೋಗೂಣು" ಎಂದರು.

ಶನಿವಾರ ಯಳವಿಯ ಹಾದಿ ಹಿಡಿದೆವು. ನನ್ನ ಪಕ್ಕ ಕಾಕಾ, ಹಿಂದಿನ ಗಾದಿಯಲ್ಲಿ ಸಾವುಕಾರರು. ಐದನೆಯ ಮೈಲಿಯ ಏರಿನಲ್ಲಿ ಕಾರು ಕೆಮ್ಮಿ ನಿಂತಿತು. ನಾನು ಬಾಗಿಲು ತೆಗೆದೆ.

"ಕುಂದ್ರು ತಮ್ಮಾ, ಏನೂ ಮುಟ್ಟಬ್ಯಾಡ" ಎಂದರು ಕಾಕಾ. "ನೀ ಎಲ್ಲಾ ಒಮ್ಮೆಲೇ ಮಾಡತಿ. ಯಾ ಮದ್ದಿಗೆ ಗುಣಾ ಆತು ಅಂತ ಹೆಂಗ ತಿಳೀಬೇಕು? ಇವತ್ತ ಒಂದೊಂದ ಮಾಡೂಣು."

ಪ್ಲಗ್ ಒರೆಸಿ ಹ್ಯಾಂಡಲ್ ತಿರುವಿಸಿದರು. ಚಾಲೂ ಆಗಲಿಲ್ಲ. ಒದ್ದೆ ಅರಿವೆ ಸುತ್ತಿ ತಿರುವಿಸಿದರು. ಇಲ್ಲ. ಪಂಪಿನ ಪೈಪು ಬಿಚ್ಚಿ ನೋಡಿದರೆ ಪೆಟ್ರೋಲ್ ಬರುತ್ತಿರಲಿಲ್ಲ. "ಮಧ್ಯಾಹ್ನ ಇಲ್ಲೇ ಊಟಾ ಮಾಡೂದೇನು?" ಎಂದು ಸಾವುಕಾರರು ಗಡಿಯಾರ ನೋಡಿದರು. ನನ್ನ ಅಂಗೈ ಬೆವೆತು ಹ್ಯಾಂಡಲ್ ಜಾರುತ್ತಿತ್ತು.

"ಈಗ ಟಾಕಿ ನೋಡು" ಎಂದರು ಕಾಕಾ.

ಪೈಪು ಮತ್ತೆ ಜೋಡಿಸಿ ಮುಚ್ಚಳ ತಿರುವಿದೆ. ನೀರಲ್ಲಿ ಮುಳುಗೆದ್ದವನು ಉಸಿರು ಎಳೆದುಕೊಂಡಂತೆ ಸುಂಯ್ ಎಂದಿತು. ಕಾಕಾ ಕೈಯೆತ್ತಿದರು. "ಕೋಲು ಅದ್ದಬ್ಯಾಡ. ಇಷ್ಟ ಸಾಕು. ತಿರುವು." ನಾಲ್ಕು ಸುತ್ತು ತಿರುವಿದೆ, ಕಾರು ಹಾಡಿತು.

ಕಾಕಾ ಮುಚ್ಚಳ ಇಸಿದುಕೊಂಡು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ನಡುವೆ ಸಾಸಿವೆಯಷ್ಟು ತೂತು ಇರಬೇಕಂತೆ. ಪೆಟ್ರೋಲ್ ಕೆಳಗಿಳಿದಷ್ಟು ಗಾಳಿ ಆ ತೂತಿನಿಂದ ಒಳಗೆ ಹೋಗಬೇಕಂತೆ. ಗಾಳಿ ಹೋಗದಿದ್ದರೆ ಪಂಪು ಎಷ್ಟು ಜಗ್ಗಿದರೂ ಪೆಟ್ರೋಲ್ ಬಾರದು. ಆ ತೂತು ಗಚ್ಚು ಹಾಕಿದಂತೆ ಬೆಳ್ಳಗೆ ಮುಚ್ಚಿತ್ತು. ಕಾಕಾ ಮುಚ್ಚಳ ನೋಡಿದರು. ನನ್ನ ಹಣೆ ನೋಡಿದರು. ಮತ್ತೆ ಮುಚ್ಚಳ ನೋಡಿದರು.

ನಾನು ಕೈಯೆತ್ತಿ ಹಣೆ ಮುಚ್ಚಿಕೊಂಡೆ.

"ಏನಾಗಿತ್ತೋ ಮಿಸ್ತ್ರಿ?" ಸಾವುಕಾರರು ಕೇಳಿದರು.

ಕಾಕಾ ಕಾಲರಿನ ಸೂಜಿ ತೆಗೆದು ತೂತು ಕೆರೆಯುತ್ತ ಬೆನ್ನು ತಿರುಗಿಸಿದರು. "ಉಸುರಾಡೂ ತೂತು ಮುಚ್ಚಿತ್ತರಿ ಸಾವ್ಕಾರ್ರ."

"ಯಾತರಿಂದ?"

"ಧೂಳರಿ. ನಮ್ಮ ಸೀಮಿ ಧೂಳು ನಿಮಗ ಗೊತ್ತಿಲ್ಲೇನರಿ?" ಪುಡಿಯನ್ನು ಊದಿಬಿಟ್ಟು ಸೇರಿಸಿದರು, "ಚಿಮಣಿ ಎಣ್ಣಿ ಮಾತು ಬಿಡ್ರಿ. ಹುಡುಗ ನಿಯತ್ತಿನವ."

ಸಂಜೆ ಶೆಡ್ಡಿನಲ್ಲಿ ಅವರ ಕಾಲು ಹಿಡಿಯಲು ಹೋದೆ. ಹಿಂದೆ ಸರಿದರು. "ನಿಜಾ ಯಾಕ ಹೇಳಲಿಲ್ಲ ಕಾಕಾ?" ಎಂದೆ.

"ಹೇಳಿದ್ರ ಪ್ಯಾಟಿ ಮಂದಿ ವರ್ಷಾನಗಟ್ಲೆ ನಗತಿತ್ತು. ನಿನಗ ನಕ್ರ ನಗಲಿ, ನಿನ್ನ ಇಬತ್ತಿಗೂ ನಗತಿತ್ತು. ಅದು ನನ್ನ ಬಾಯಿಂದ ಆಗೂದು ಬ್ಯಾಡಾಗಿತ್ತು." ಆಮೇಲೆ ಗಡ್ಡದೊಳಗೇ ನಕ್ಕರು. "ಹಣಿಗೆ ಹಚ್ಚೋ ತಮ್ಮಾ, ಮೂಗಿನಾಗ ತುಂಬಬ್ಯಾಡ."

ಐತ್ವಾರ ಬೀಗರು ಬಂದರು. ಸ್ಟೇಶನ್ನಿನಿಂದ ಮನೆಯ ಬಾಗಿಲ ತನಕ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಕಾಕಾ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದರೂ, ತಮ್ಮ ಮನೆಯ ಹೆಚ್ಚಳಕ್ಕೆಂದು ಸಾವುಕಾರರು ಹಿಗ್ಗಿ ಬೀಗರೆದುರು, "ಗಾಡಿ ರೋಗಾ ಹಿಡದವ ನಮ್ಮ ಡ್ರೈವರ್‌ನಽ, ಕಿವಿ ಅಂದ್ರ ಇವಂದು" ಎಂದರು. ಅಲ್ಲ, ಮಿಸ್ತ್ರಿ ಕಾಕಾ ಹಿಡಿದದ್ದು ಎಂದು ಹೇಳಬೇಕಿತ್ತು. ಹೇಳಿದರೆ ತೂತು ಯಾಕೆ ಮುಚ್ಚಿತ್ತೆಂಬ ಮಾತು ಬಂದೀತು ಎಂದು ಹೆದರಿ ತಲೆ ಬಗ್ಗಿಸಿದೆ. ಆ ಹೆಸರಿನ ಮೇಲೆಯೇ ಮುಂದೆ ನಲವತ್ತು ವರ್ಷ ಗಾಡಿ ಹೊಡೆದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗ ಕಾಕಾ ಶೆಡ್ಡು ಬಿಟ್ಟು ಮಗಳ ಊರಿಗೆ ಹೋದರು. ಅಲ್ಲಿಯೇ ತೀರಿಕೊಂಡರೆಂಬ ಸುದ್ದಿ ನನಗೆ ಮುಟ್ಟಿದಾಗ ಎರಡು ತಿಂಗಳಾಗಿತ್ತು…

ನಿನ್ನೆ ಮನೆಗೆ ಬಂದವರೆಲ್ಲ, "ಅಜ್ಜನ ಕಿವಿ ಮೊಮ್ಮಗಳಿಗೆ ಬಂದದ" ಎಂದರು. ಇಂದು ಮುಂಜಾನೆ ಪೇಢೆಯ ಪೊಟ್ಟಣ ಹಿಡಿದು ಆ ಓಣಿಗೆ ಹೋದೆ. ಶೆಡ್ಡಿನ ಜಾಗದಲ್ಲಿ ಹೊಲಿಗೆಯ ಅಂಗಡಿ. ಒಬ್ಬ ಹೆಣ್ಣುಮಗಳು ಜಂಪರು ಹೊಲಿಯುತ್ತಿದ್ದಳು.

"ಯಾರನ್ನ ಹುಡುಕತೀರಿ ಅಜ್ಜಾರ?"

"ಇಲ್ಲಿ ಮಿಸ್ತ್ರಿ ಕಾಕಾ ಇದ್ರವ್ವಾ."

"ಹೆಸರೇನರಿ ಅವರದು?"

ನಾನು ಎಂದೂ ಕಾಕಾ ಎಂದಲ್ಲದೆ ಬೇರೆ ಕರೆದಿರಲಿಲ್ಲ. ಹೆಸರು ಒಮ್ಮೆಯೂ ಕೇಳಿರಲಿಲ್ಲ.

ಅವಳ ಕೈಗೆ ಪೇಢೆ ಕೊಟ್ಟೆ. ಗಾಡಿಯ ರೋಗ ಹಿಡಿದವನು ನಾನಲ್ಲ, ರೋಗ ತಂದವನು ನಾನು ಎಂದು ಶುರುಮಾಡಿ, ಎಲ್ಲವನ್ನೂ ನಿಂತೇ ಹೇಳಿದೆ. ಅವಳು ಮಶಿನ್ ನಿಲ್ಲಿಸಿ ಕೇಳಿದಳು. ಬೀಗರೆದುರು ಒಂದು ಮಾತಿನಲ್ಲಿ ಮುಗಿಯುತ್ತಿದ್ದದ್ದು, ಇಂದು ಒಂದು ತಾಸು ಹಿಡಿಯಿತು.