ಹತ್ತು ಮೀಟರಿಗೆ ಒಂದು ಬೆರಳು

ರಾಮತೀರ್ಥ ನಗರದ ನಮ್ಮ ಪುಟ್ಟ ಆಫೀಸಿನಲ್ಲಿ ನಾನು ಕುಣಿದದ್ದು ಒಂದೇ ಸಲ, ಅದೂ ಸುಳ್ಳು ಲೆಕ್ಕಕ್ಕೆ.

ಖಾನಾಪುರದ ಗೋಡಂಬಿ ಕಾರ್ಖಾನೆಯೊಂದರಲ್ಲಿ ಬಾಯ್ಲರಿನಿಂದ ಬೀಜ ಬೇಯಿಸುವ ಶೆಡ್ಡಿನವರೆಗೆ ಮೂವತ್ತು ಮೀಟರ್ ಉಗಿ ಪೈಪು ಹಾಕಬೇಕಿತ್ತು. ಎಂಜಿನಿಯರ್ ಆಗಿ ನಾನೇ ಲೆಕ್ಕ ಹಾಕಿ ನಾನೇ ಸಹಿ ಮಾಡಬೇಕಾದ ಮೊದಲ ನಕ್ಷೆ. ಬಿಸಿಯಾದ ಪೈಪು ಉದ್ದವಾಗುತ್ತದೆ; ಎರಡೂ ತುದಿ ಬಿಗಿದರೆ ಬೆಳೆಯಲು ಜಾಗವಿಲ್ಲ. ನೆಟ್ಟಗಿನ ಪೈಪಿಗೆ ಸಾಫ್ಟ್‌ವೇರ್ ಕೆಂಪು ತೋರಿಸಿತು, ಒತ್ತಡ ಮಿತಿಯ ಒಂದೂವರೆ ಪಟ್ಟು. ನಡುವೆ ಚೌಕಾಕಾರದ ಬಾಗು ಕೊಟ್ಟೆ, ಹಸಿರಾಯಿತು. ನಕ್ಷೆ ನೋಡಿದ ಕಾರ್ಖಾನೆ ಮಾಲೀಕರು ಫೋನಿನಲ್ಲೇ ಮುಖ ಸಿಂಡರಿಸಿದ್ದು ನನಗೆ ಕೇಳಿಸಿತು.

"ಬಾಯಾರ, ನನಗ ಪೈಪ್ ನೆಟ್ಟಗ ಬೇಕ್ರಿ. ನಡುವ ಹಿಂಗ ಸೊಟ್ಟ ಮಾಡಿದ್ರ ಮಂದಿ ನಗ್ತಾರ."

ನಾನು ಬಾಗು ತೆಗೆದೆ. ಉಗಿಯ ಶಾಖ ನೂರೈವತ್ತು ಡಿಗ್ರಿ ಎಂದಿದ್ದ ಕಡೆ ಎಂಬತ್ತು ಎಂದು ಬರೆದೆ. ಪರದೆ ಪೂರ್ತಿ ಹಸಿರು! ಕುಣಿದೆ, ಚಹಾ ಚೆಲ್ಲಿದೆ. ಸಹಿಗೆಂದು ಪೆನ್ನು ಹಿಡಿದಾಗ ಆ ಪೈಪಿನ ಕೆಳಗೆ ದಿನವಿಡೀ ಕೂತು ಕೆಲಸ ಮಾಡಬೇಕಾದ ಹೆಂಗಸರು ನೆನಪಾದರು. ಪೈಪು ಸೀಳಿದರೆ ಉಗಿ ಅವರ ಮೇಲೇ. ಥೂ ಎಂದು ನನ್ನನ್ನೇ ಬೈದುಕೊಂಡು, ಬಾಗು ಇದ್ದ ನಕ್ಷೆ ಹಿಡಿದು ಖಾನಾಪುರದ ಬಸ್ಸು ಹತ್ತಿದೆ.

ಅಲ್ಲಿ ಹತ್ತು ಮೀಟರಿನ ಹಳೆಯ ಪೈಪೊಂದಿತ್ತು. ಒಂದು ತುದಿ ಬಿಗಿ, ಇನ್ನೊಂದು ಸ್ಟ್ಯಾಂಡಿನ ಮೇಲೆ ಸಡಿಲ. ಅದು ತಣ್ಣಗಿದ್ದಾಗ ಪೈಪಿಗೂ ಸ್ಟ್ಯಾಂಡಿಗೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದೆ. ಉಗಿ ಬಿಡಿಸಿದೆವು. ಗೆರೆ ಎರಡಾಗಿ, ನಡುವೆ ಒಂದು ಬೆರಳು ಅಂತರ ಬಿತ್ತು. ಮಾಲೀಕರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಬೀಜ ಬೇಯಿಸುತ್ತಿದ್ದ ಹೆಂಗಸೊಬ್ಬಳು ತಿರುಗಿಯೂ ನೋಡದೆ ಹೇಳಿದಳು, "ಅದು ದಿನಾ ಮುಂಜಾನೆ ಸರೀತೈತ್ರಿ. ಸಂಜೀಗೆ ಹೊಳ್ಳಿ ಬರತೈತಿ."

"ಮತ್ತ ನನಗ್ಯಾಕ ಹೇಳಿಲ್ಲ?" ಎಂದರು ಮಾಲೀಕರು.

"ನೀವೆಲ್ಲಿ ಕೇಳೀರಿ?"

ನಾನು ನಕ್ಕಿದ್ದು ಬಾಯ್ಲರ್ ಮನೆಯವರೆಗೂ ಕೇಳಿಸಿರಬೇಕು. ಮಾಲೀಕರು ನಗಲಿಲ್ಲ. ಹೊಸ ಪೈಪು ಬರಬೇಕಾದ ಜಾಗವನ್ನೂ ಅದರ ಕೆಳಗೆ ಸಾಲಾಗಿ ಇಟ್ಟಿದ್ದ ಮಣೆಗಳನ್ನೂ ನೋಡಿದರು.

"ಮೂರು ಪಟ್ಟು ಉದ್ದ ಅಂದ್ರ, ಮೂರು ಬೆರಳೇನ್ರಿ?"

"ಹೆಚ್ಚೂಕಡಿಮಿ ಹೌದ್ರಿ."

"ಸೊಟ್ಟನ ಇರಲಿ ತಗೋರಿ."

ಬೀಜದ ಚೀಲದ ಮೇಲೆ ನಕ್ಷೆ ಹರಡಿ, ನೂರೈವತ್ತು ಡಿಗ್ರಿ ಎಂಬ ಸಾಲನ್ನು ಇನ್ನೊಮ್ಮೆ ಓದಿ, ನನ್ನ ಮೊದಲ ಸಹಿ ಹಾಕಿದೆ. ಕೆಳಗೆ ಬೀಜ ಉರುಳಿ ಅದೂ ಸೊಟ್ಟಗೇ ಬಂತು.