ಹರಳೆಲೆಯ ಶಾಖ

ಅಡುಗೆಮನೆಯಿಂದ ಟಪ್ ಎಂದು ಮಾತ್ರೆ ಕಿತ್ತ ಸದ್ದು ಬಂತು. ಹೊಲಿಗೆ ಯಂತ್ರದ ಮೇಲಿದ್ದ ಟೈಲರಕ್ಕನ ಕಾಲು ತಟ್ಟನೆ ನಿಂತಿತು.

"ತಲೆನೋವು ಅಂತ ನುಂಗಿದೆ. ನಿಮಗೂ ಒಂದು ಕೊಡ್ಲಾ ಅತ್ತಿಗೆ?" ನಾದಿನಿ ಕೂಗಿದಳು.

"ಬೇಡ."

ಎಂಟು ವರ್ಷ ಬಲಭುಜದ ನೋವನ್ನು ಆ ಬಿಳಿ ಮಾತ್ರೆಯೇ ಸುಮ್ಮನಿರಿಸಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಹೋದ ತಿಂಗಳು ಕಾಲು ಊದಿಕೊಂಡಾಗ ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ ಗದರಿದ್ದರು. "ಅದೇನು ಪೆಪ್ಪರ್‌ಮೆಂಟಾ, ದಿನಾ ಚಪ್ಪರಿಸೋಕೆ? ಕಿಡ್ನಿ ಸೋಲ್ತಾ ಇದೆ. ಇವತ್ತೇ ನಿಲ್ಲಿಸಿ. ಸೊಪ್ಪು, ಎಣ್ಣೆ, ಶಾಖ, ಮೇಲಿಂದ ಏನು ಬೇಕಾದ್ರೂ ಮಾಡ್ಕೊಳ್ಳಿ. ಕಷಾಯ, ಪುಡಿ ಅಂತ ಹೊಟ್ಟೆಗೆ ಮಾತ್ರ ನನ್ನ ಕೇಳದೆ ಹಾಕ್ಕೋಬೇಡಿ. ಗಿಡದ್ದಾದ್ರೂ ಔಷಧಿ ಔಷಧಿನೇ."

ಮೊದಲ ದಿನವೇ ಎಡವಟ್ಟಾಯಿತು. ಹಿತ್ತಲ ಹರಳು ಗಿಡದ ಎಲೆ ಬಾಡಿಸಿ, ಹುರಿದ ಉಪ್ಪಿನ ಜೊತೆ ಗಂಟು ಕಟ್ಟಲು ಅವಳು ಚಿಂದಿ ಚೀಲದಿಂದ ಚಂದದ ನೀಲಿ ಸ್ಯಾಟಿನ್ ತುಂಡು ಆರಿಸಿದಳು. ಕಾದ ಕಾವಲಿಗೆ ಇಟ್ಟದ್ದೇ ತಡ, ಬಟ್ಟೆ ಕರಗಿ ಅಂಟಿಕೊಂಡು ಮನೆಯೆಲ್ಲ ಸುಟ್ಟ ವಾಸನೆ.

"ಊರಿಗೆಲ್ಲ ಬಟ್ಟೆ ಆರಿಸಿಕೊಡೋ ಅತ್ತಿಗೆಗೆ ನೋವಿಗೂ ಫ್ಯಾಷನ್ ಬೇಕಿತ್ತಾ?" ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೈಲರಕ್ಕ ಕಾವಲಿ ಉಜ್ಜಿದಳು. ಹಳೆಯ ಹತ್ತಿ ದಿಂಬಿನ ಚೀಲ ಹರಿದು ಮತ್ತೆ ಗಂಟು ಕಟ್ಟಿದಳು. ಅಂದಿನಿಂದ ದಿನಕ್ಕೆರಡು ಸಲ ಶಾಖ, ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸುವುದು. ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ಇವತ್ತು ಶಾಖಕ್ಕೂ ಭುಜ ಬಗ್ಗಲಿಲ್ಲ. ಶಾಲೆಯ ಇಪ್ಪತ್ತು ಅಂಗಿ ನಾಳೆ ಕೊಡಬೇಕು, ಒಂಬತ್ತು ಇನ್ನೂ ಬಾಕಿ. ಅವಳು ಫೋನೆತ್ತಿ ಒಂದು ಮಾತು ಮುಗಿಸಿ, ಚಪ್ಪಲಿ ಮೆಟ್ಟಿ ಔಷಧಿ ಅಂಗಡಿಗೆ ನಡೆದಳು.

"ನೀಲಗಿರಿ ಎಣ್ಣೆ ಕೊಡಿ, ಚಿಕ್ಕ ಬಾಟಲಿ."

ಅಂಗಡಿಯವನ ಕೈ ಅಭ್ಯಾಸಬಲದಿಂದ ಆಗಲೇ ಹಳೆಯ ಮಾತ್ರೆಯನ್ನು ಮುಂದಿಟ್ಟಿತ್ತು. "ಮುಖ ಬಾಡಿದೆ ಅಕ್ಕ. ಇವತ್ತೊಂದು ನುಂಗಿ ಕೆಲಸ ಮುಗಿಸಿ. ಸೊಪ್ಪುಸದೆ ನಾಳೆಯಿಂದ ಇದ್ದೇ ಇದೆ."

"ಎಂಟು ವರ್ಷ ಇವತ್ತೊಂದೇ ಅಂತಾನೇ ನುಂಗಿದ್ದು."

"ಎಣ್ಣೆ ಹಚ್ಚಿದ್ರೆ ನೋವು ಹೋಗುತ್ತಾ?"

"ಪೂರ್ತಿ ಹೋಗಲ್ಲ. ಸ್ವಲ್ಪ ಇಳಿದ್ರೂ ಐದು ಅಂಗಿ ಹೊಲೀತೀನಿ. ಉಳಿದ ನಾಲ್ಕು ನಾಡಿದ್ದು ಅಂತ ಹೆಡ್‌ಮೇಡಂಗೆ ಈಗಷ್ಟೇ ಹೇಳಿದೆ."

"ಅವರು ಬೇರೆ ಟೈಲರ್ ನೋಡ್ಕೊಂಡ್ರೆ?"

ಟೈಲರಕ್ಕ ಅವನು ತೆಗೆದಿಟ್ಟ ಎಣ್ಣೆಯ ಬಾಟಲಿಗೆ ದುಡ್ಡು ಎಣಿಸಿಟ್ಟಳು. ವರ್ಷದ ದೊಡ್ಡ ಕೆಲಸ ಶಾಲೆಯದೊಂದೇ. "ನೋಡ್ಕೊಳ್ಳಲಿ. ಅವರಿಗೆ ಬೇರೆ ಟೈಲರ್ ಸಿಗ್ತಾರೆ. ನಂಗೆ ಬೇರೆ ಕಿಡ್ನಿ ನೀವು ಕೊಡ್ತೀರಾ?"

"ಅಯ್ಯೋ, ಅದಲ್ಲ ಅಕ್ಕ, ಹೊಸದೊಂದು ಬಂದಿದೆ, ಇದರಷ್ಟು ಜೋರಿಲ್ಲ, ಒಂದು ನಿಮಿಷ ಕೇಳಿ..." ಎನ್ನುತ್ತ ಅವನು ಕಪಾಟಿನ ಮೇಲಿನ ಅರೆಗೆ ಕೈಚಾಚಿದ. ಡಬ್ಬಿ ಹಿಡಿದು ತಿರುಗುವಷ್ಟರಲ್ಲಿ ಟೈಲರಕ್ಕ, ಎಣ್ಣೆಯ ಬಾಟಲಿ ಎಡಗೈಯಲ್ಲಿ ಹಿಡಿದು, ರಸ್ತೆ ದಾಟುತ್ತಿದ್ದಳು.